ಗೋಡೆಗೆ ಹನ್ನೆರಡು ಚಿತ್ರ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹಾಗಾಗಿ ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಮಾತಾಡಬೇಕೆಂದು ಸ್ವಾಗತ ಸಮಿತಿಯವರು ಹೇಳಿದ್ದರು. ಆ ಮಾತು ಸಂಜೆಯ ಪ್ರಶ್ನೋತ್ತರಕ್ಕೆ ಇರಲಿ. ಈಗ ಕೊಟ್ಟಿರುವ ಸಮಯದಲ್ಲಿ ಚಿತ್ರಗಳ ಬಗ್ಗೆ ಮಾತಾಡಲು ಅಪ್ಪಣೆ ಕೇಳಿಕೊಂಡಿದ್ದೇನೆ. ಕಾರಣ ಇಷ್ಟೆ. ನಮ್ಮ 2004–05ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಈ ಶಾಲೆಗೆ ಹನ್ನೆರಡು ಚಿತ್ರಗಳನ್ನು ಚೌಕಟ್ಟು ಹಾಕಿಸಿ ಕೊಡುತ್ತಿದ್ದೇವೆ. ದೇಶದೇಶಗಳ, ಬೇರೆ ಬೇರೆ ಕಾಲದ ಚಿತ್ರಗಳು. "ಇದೆಂಥ ಕೊಡುಗೆ?" ಎಂದು ಕೇಳುವ ಹಕ್ಕು ಊರಿಗಿದೆ. ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಈ ಪ್ರಶ್ನೆ ಮೊದಲು ಎದ್ದದ್ದು ನಮ್ಮ ಬ್ಯಾಚಿನ ಒಳಗೇ. ಒಬ್ಬರು ಕಮಾನು ಕಟ್ಟಿಸೋಣ ಎಂದರು, ಮತ್ತೊಬ್ಬರು ಸಿಸಿಟಿವಿ ಎಂದರು. "ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕ್ ಇಲ್ಲ, ನಿನಗ ಚಿತ್ರದ ಚಿಂತಿ" ಎಂದು ನನ್ನ ಬೆಂಚಿನ ಗೆಳೆಯನೇ ಫೋನಿನಲ್ಲಿ ಬೈದ. ಅವನು ಹೇಳಿದ್ದು ನ್ಯಾಯದ ಮಾತು. ಆದ್ದರಿಂದ ಮೊದಲು ಟ್ಯಾಂಕ್ ಕೂರಿಸಿ ಪೈಪ್ ಎಳೆಸಿದೆವು. ಹೋದ ತಿಂಗಳಿನಿಂದ ನೀರು ಬರುತ್ತಿದೆ. ಉಳಿದ ಹಣದಲ್ಲಿ ಚಿತ್ರ. ಆದರೆ ನೀರು ಬಂದ ಮೇಲೂ ಚಿತ್ರ ಯಾಕೆ ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲ.

ನನ್ನ ಹತ್ತಿರ ಸುಮಾರು ಮುನ್ನೂರು ಚಿತ್ರಗಳ ಸಂಗ್ರಹ ಇದೆ. ಒಂದೂ ಮೂಲ ಚಿತ್ರವಲ್ಲ. ಎಲ್ಲ ಕಂಪ್ಯೂಟರಿನಲ್ಲಿ ಇಟ್ಟ ಪ್ರತಿಗಳು. ಕೆಲವನ್ನು ಮಾತ್ರ ಕಾಗದದ ಮೇಲೆ ಮುದ್ರಿಸಿಕೊಂಡಿದ್ದೇನೆ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿ ಕೆಲಸಕ್ಕೆಂದು ಮೂರು ತಿಂಗಳು ನೆದರ್ಲೆಂಡ್ಸಿನಲ್ಲಿ ಇದ್ದೆ. ಅಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ನೋಡಿದ ಮೇಲೆ ಈ ಹವ್ಯಾಸ ಹತ್ತಿತು. ಆರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಹಾಕುತ್ತೇನೆ. ಚಿತ್ರದ ಕೆಳಗೆ ಯಾರು ಬರೆದದ್ದು, ಎಂದು, ಎಲ್ಲಿ ಎಂದು ಮೂರೇ ಸಾಲು. ಇಂದು ನಾನು ಹೇಳುವ ಮಾತುಗಳಲ್ಲಿ ಅರ್ಧ ಆ ಗುಂಪಿನಲ್ಲಿ ಕಲಿತದ್ದು.

ನಮ್ಮ ಊರಿನ ಮನೆಗಳಲ್ಲಿ ಚಿತ್ರ ಇರಲಿಲ್ಲ ಎಂದೇನೂ ಅಲ್ಲ. ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಲಕ್ಷ್ಮಿ, ಸರಸ್ವತಿ ಇಲ್ಲದ ಮನೆ ಯಾವುದಿತ್ತು? ಅದರ ಹಿಂದೆ ಒಂದು ಕಥೆ ಇದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅಲ್ಲಿಯವರೆಗೆ ಅವರ ತೈಲಚಿತ್ರಗಳು ಅರಮನೆಗಳಲ್ಲಿ, ದೊಡ್ಡವರ ದಿವಾನಖಾನೆಗಳಲ್ಲಿ ಇದ್ದವು. ಮುದ್ರಣ ಶುರುವಾದ ಮೇಲೆ ಅವೇ ಚಿತ್ರಗಳು ಅಗ್ಗದ ಕಾಗದದ ಮೇಲೆ ಸಾಮಾನ್ಯರ ದೇವರ ಮನೆಗೆ ಬಂದವು. ಅರಮನೆಯ ಗೋಡೆಯಿಂದ ಜೋಪಡಿಯ ಗೋಡೆಗೆ ಚಿತ್ರ ಇಳಿದು ಬಂದದ್ದು ಹಾಗೆ.

ಅಂಥದೇ ಎರಡನೆಯ ಇಳಿತ ನಮ್ಮ ಕಾಲದಲ್ಲಿ ಆಗಿದೆ. ಅದು ಇನ್ನೂ ನಮ್ಮ ಶಾಲೆಗಳಿಗೆ ಗೊತ್ತಾಗಿಲ್ಲ. ರೈಕ್ಸ್‌ಮ್ಯೂಸಿಯಂನಲ್ಲಿ ಯೋಹಾನೆಸ್ ವರ್ಮೀರ್ ಸುಮಾರು 1660ರಲ್ಲಿ ಬರೆದ 'ಹಾಲು ಸುರಿಯುವ ಹೆಂಗಸು' ಎಂಬ ಚಿತ್ರವಿದೆ. ಅಂತರ್ಜಾಲದಲ್ಲಿ ಆ ಚಿತ್ರದ ಸಾವಿರಾರು ಕಳಪೆ ಪ್ರತಿಗಳು ಓಡಾಡುತ್ತಿದ್ದವು. ಹಲವು ಪ್ರತಿಗಳಲ್ಲಿ ಬಣ್ಣ ಹಳದಿಗೆ ತಿರುಗಿತ್ತು. ಜನ ಹಳದಿ ಪ್ರತಿಯನ್ನು ಎಷ್ಟು ನಂಬಿದ್ದರೆಂದರೆ, ಮ್ಯೂಸಿಯಂ ಅಂಗಡಿಯ ಸರಿಯಾದ ಬಣ್ಣದ ಕಾರ್ಡನ್ನೇ ಸುಳ್ಳು ಎನ್ನತೊಡಗಿದರು. ಕೆಟ್ಟ ಪ್ರತಿಗಳನ್ನು ತಡೆಯುವ ದಾರಿ ಒಂದೇ, ಒಳ್ಳೆಯ ಪ್ರತಿಯನ್ನು ಎಲ್ಲರಿಗೂ ಬಿಟ್ಟುಕೊಡುವುದು ಎಂದು ಮ್ಯೂಸಿಯಂನವರು ಕಂಡುಕೊಂಡರು. 2012ರಲ್ಲಿ ಸುಮಾರು 1,25,000 ಕೃತಿಗಳ ಉತ್ತಮ ಪ್ರತಿಗಳನ್ನು ಬಿಟ್ಟಿಯಾಗಿ ತೆರೆದಿಟ್ಟರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಪ್ರತಿಗಳನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. ಮರುವರ್ಷ ಶಿಕಾಗೋದ ಮ್ಯೂಸಿಯಂ ಕೂಡ ಅದೇ ದಾರಿ ಹಿಡಿಯಿತು. ಅಂದರೆ ಈ ಚಿತ್ರಗಳನ್ನು ಮನೆಗೆ ತರಲು ಈಗ ಕೋಟಿ ಬೇಕಿಲ್ಲ, ಪಾಸ್‌ಪೋರ್ಟ್ ಬೇಕಿಲ್ಲ. ತಾಲ್ಲೂಕು ಊರಿನ ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಣ, ಚೌಕಟ್ಟು ಸೇರಿ ನಮಗೆ ಒಂದು ಚಿತ್ರಕ್ಕೆ ಸಾವಿರ ರೂಪಾಯಿಯ ಆಸುಪಾಸು ಬಿದ್ದಿದೆ.

ಇರಲಿ, ಚಿತ್ರ ಸಿಗುವುದು ಸುಲಭವಾಯಿತು. ನೋಡುವುದು? ಫೋನಿನಲ್ಲಿ ದಿನಕ್ಕೆ ನೂರಾರು ಚಿತ್ರ ಬೆರಳಿನ ಕೆಳಗೆ ಜಾರಿ ಹೋಗುತ್ತವೆ. ಒಂದನ್ನೂ ನಾವು ನೋಡಿರುವುದಿಲ್ಲ. ನೋಡುವುದು ಎಂದರೇನು ಎಂದು ನನಗೆ ಕಲಿಸಿದವರು ನಮ್ಮ ಊರಿನವರೇ. ಎರಡು ಚಿತ್ರಗಳ ಮೂಲಕ ಅದನ್ನು ಹೇಳುತ್ತೇನೆ.

ಮೊದಲನೆಯದು ಪೀಟರ್ ಬ್ರೂಗಲ್ ಎಂಬ ಚಿತ್ರಕಾರ 1565ರಲ್ಲಿ ಬರೆದ 'ಕೊಯ್ಲಿನವರು'. ಈಗಿನ ಬೆಲ್ಜಿಯಂ ದೇಶದ ಕಡೆಯವನು. ಆಂಟ್ವರ್ಪ್ ಊರಿನ ಒಬ್ಬ ವ್ಯಾಪಾರಿಯ ಮನೆಗಾಗಿ ವರ್ಷದ ಋತುಮಾನಗಳನ್ನು ಸಾಲುಚಿತ್ರಗಳಾಗಿ ಬರೆದ. ಐದು ಉಳಿದಿವೆ. ಕೊಯ್ಲಿನ ಚಿತ್ರ ನ್ಯೂಯಾರ್ಕಿನಲ್ಲಿದೆ. ಗೋಧಿ ಹೊಲ. ಒಂದು ಕಡೆ ಕೆಲವರು ಉದ್ದ ಹಿಡಿಯ ಕುಡುಗೋಲು ಬೀಸಿ ಕೊಯ್ಯುತ್ತಿದ್ದಾರೆ. ಇನ್ನೊಂದು ಕಡೆ ಮರದ ನೆರಳಿನಲ್ಲಿ ಕೆಲವರು ಬುತ್ತಿ ಬಿಚ್ಚಿ ಉಣ್ಣುತ್ತಿದ್ದಾರೆ. ಒಬ್ಬ ಕಾಲು ಚಾಚಿ ಅಂಗಾತ ಮಲಗಿಬಿಟ್ಟಿದ್ದಾನೆ. ಪೈರಿನ ನಡುವಿನ ದಾರಿಯಲ್ಲಿ ಒಬ್ಬ ಹೂಜಿ ಹೊತ್ತು ಬರುತ್ತಿದ್ದಾನೆ. ದೂರದಲ್ಲಿ ಊರು, ಅದರಾಚೆ ನೀರು, ಹಡಗು. ಆ ಕಾಲದ ಯುರೋಪಿನಲ್ಲಿ ದೊಡ್ಡ ಚಿತ್ರ ಎಂದರೆ ಹೆಚ್ಚಾಗಿ ದೇವರು, ಸಂತರು, ರಾಜರು. ಈತ ಕೂಲಿಯವರ ಊಟವನ್ನು ಅಷ್ಟು ದೊಡ್ಡದಾಗಿ ಬರೆದ. ಚಿತ್ರ ಐದು ಅಡಿಗಿಂತ ಅಗಲವಾಗಿದೆ.

ನಾನು ಇದನ್ನು ಗುಂಪಿಗೆ ಹಾಕಿದಾಗ, ನಾಲ್ಕು ಎಕರೆ ಮಾಡಿಕೊಂಡಿರುವ ನನ್ನ ಗೆಳೆಯ ಮೊದಲು ಕೇಳಿದ್ದು ಪೈರಿನ ಎತ್ತರ. "ಗೋಧಿ ಆಳೆತ್ತರ ಐತಲ್ಲ, ಚಿತ್ರಗಾರ ಸುಳ್ಳು ಬರದಾನೋ ಖರೇನೋ?" ನಾನು ಹುಡುಕಿದೆ. ಖರೆ. ಹಳೆಯ ಗೋಧಿ ತಳಿಗಳು ಅಷ್ಟೆತ್ತರ ಬೆಳೆಯುತ್ತಿದ್ದವು. ಗಾಳಿ ಮಳೆಗೆ ಒರಗದ ಗಿಡ್ಡ ತಳಿಗಳು ಬಂದದ್ದು ಹಸಿರು ಕ್ರಾಂತಿಯ ಕಾಲದಲ್ಲಿ. ಈಗ ಬೆಳೆ ವಿಜ್ಞಾನಿಗಳೂ ಈ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ಅವನು ಇನ್ನೊಂದು ಮಾತು ಬರೆದ: "ಮಲಗ್ಯಾನಲ್ಲ, ಅವ ಸೋಮಾರಿ ಅಲ್ಲ. ಎಲ್ಲಾರಕಿಂತ ಮೊದಲು ನಸುಕಿನ್ಯಾಗ ಹೊಲಕ್ಕ ಬಂದಾಂವ ಅವನ." ಇದು ಸರಿಯೋ ತಪ್ಪೋ ಯಾರೂ ಹೇಳಲಾರರು. ಆದರೆ ಕೊಯ್ಲು ಮಾಡಿದವನ ಕಣ್ಣಿಗೆ ಮಾತ್ರ ಹೊಳೆಯುವ ಮಾತು. ನಾನು ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ, ನನಗೆ ಹೊಳೆದಿರಲಿಲ್ಲ.

ಎರಡನೆಯದು ಆಗಲೇ ಹೇಳಿದ ಹಾಲಿನ ಹೆಂಗಸು. ನಾನು ಆಮ್‌ಸ್ಟರ್‌ಡ್ಯಾಮಿನಲ್ಲಿ ಅದರ ಮುಂದೆ ನಿಂತಾಗ ಆಶ್ಚರ್ಯವಾದದ್ದು ಅದರ ಸಣ್ಣ ಗಾತ್ರ. ಎತ್ತರ 45 ಸೆಂಟಿಮೀಟರ್, ಅಗಲ 41. ಅಡುಗೆಮನೆಯ ಕಿಟಕಿಯ ಪಕ್ಕ ಒಬ್ಬ ಕೆಲಸದ ಹೆಂಗಸು ಮಣ್ಣಿನ ಪಾತ್ರೆಗೆ ಹಾಲು ಹಾಕುತ್ತಿದ್ದಾಳೆ. ಮೇಜಿನ ಮೇಲೆ ಬ್ರೆಡ್ಡು. ಹಿಂದೆ ಬರೀ ಬಿಳಿ ಗೋಡೆ. ನಮ್ಮ ಬ್ಯಾಚಿನ ಗಾರೆ ಕೆಲಸದ ಗೆಳೆಯ ಅಡುಗೆಮನೆಯನ್ನು ಬಿಟ್ಟು ಆ ಗೋಡೆಯನ್ನು ನೋಡಿದ. "ಮೊಳಿ ಕಿತ್ತ ತೂತು ಸೈತ ಬಿಟ್ಟಿಲ್ಲ ನೋಡ್ರಿ. ಮೊಳಿಯ ನೆರಳನ್ನೂ ಬರದಾನ" ಎಂದು ಧ್ವನಿ ಸಂದೇಶ ಕಳಿಸಿದ. ನಿಜವಾಗಿಯೂ ಅಲ್ಲಿ ಮೊಳೆ ಇದೆ, ತೂತುಗಳಿವೆ, ನೆರಳಿದೆ. 2022ರಲ್ಲಿ ಮ್ಯೂಸಿಯಂನ ತಜ್ಞರು ವಿಶೇಷ ಕ್ಯಾಮೆರಾಗಳಿಂದ ಪರೀಕ್ಷಿಸಿದಾಗ ಮತ್ತೊಂದು ಸಂಗತಿ ತಿಳಿಯಿತು. ವರ್ಮೀರ್ ಮೊದಲು ಆ ಹೆಂಗಸಿನ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕಿದ ಹಲಗೆಯೊಂದನ್ನು ಬರೆಯತೊಡಗಿದ್ದ. ಆಮೇಲೆ ಅದನ್ನು ಮುಚ್ಚಿ ಗೋಡೆಯನ್ನು ಬರಿದು ಮಾಡಿದ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅನುಭವಿಗಳು ಹೇಳುವ ಮಾತು ಅದೇ: ಬರೆದದ್ದಕ್ಕಿಂತ ತೆಗೆದು ಹಾಕಿದ್ದು ಮುಖ್ಯ.

ಅದೇ ಚಿತ್ರವನ್ನು ಊರಿಗೆ ಬಂದಾಗ ನಮ್ಮ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಹಾಲು ಸಣ್ಣಗ ಬಿಡಾಕತ್ತಾಳ. ಕಣ್ಣು ಹಾಲಿನ ಮ್ಯಾಲೇ ಐತಿ. ಅಳತಿ ತಪ್ಪಬಾರದು ಅಂತ" ಎಂದಳು. ಒಣಗಿದ ಬ್ರೆಡ್ಡಿನ ಚೂರುಗಳಿಗೆ ಹದವಾಗಿ ಹಾಲು ಬೆರೆಸಿ ಏನೋ ಅಡುಗೆ ಮಾಡುತ್ತಿದ್ದಾಳೆ ಎಂದು ಕೆಲವು ಕಲಾ ಇತಿಹಾಸಕಾರರು ಹೇಳಿದ್ದಾರೆ. ಅವ್ವ ಅವರನ್ನು ಓದಿಲ್ಲ. ನಲವತ್ತು ವರ್ಷ ಹಾಲು ಕಾಸಿದ್ದಾಳೆ, ಅಷ್ಟೆ.

ಚಿತ್ರಗಳು ದೊಡ್ಡ ಊರಿನವರ ಸ್ವತ್ತು, ಓದಿದವರಿಗೆ ಮಾತ್ರ ಅರ್ಥವಾಗುವಂಥದ್ದು ಎಂಬ ಅಂಜಿಕೆ ನಮ್ಮಲ್ಲಿದೆ. ಆದರೆ ದುಡಿದವರ ಕಣ್ಣಿಗೆ ಚಿತ್ರ ಬೇಗ ತೆರೆದುಕೊಳ್ಳುತ್ತದೆ. ನಮ್ಮ ಮಕ್ಕಳ ಮುಂದೆ ಚಿತ್ರ ಇಡುವುದು ನಾವು ಅವರಿಗೆ ಮಾಡುವ ಉಪಕಾರವಲ್ಲ. ಆ ಚಿತ್ರಗಳಿಗೂ ನಮ್ಮ ಮಕ್ಕಳ ಕಣ್ಣು ಬೇಕು.

ಸಂಗ್ರಹ ಎಂದರೆ ಬೀರುವಿನಲ್ಲಿ ಇಟ್ಟು ಬೀಗ ಹಾಕುವುದಲ್ಲ. ಇಬ್ಬರು ದೊಡ್ಡ ಕಲಾವಿದರ ಸಂಗತಿ ಹೇಳುತ್ತೇನೆ. ವಿನ್ಸೆಂಟ್ ವ್ಯಾನ್ ಗೋ ಹೆಸರು ಕೇಳಿರುತ್ತೀರಿ. ಬಡತನದಲ್ಲೇ ಬದುಕಿದವನು. ಪ್ಯಾರಿಸ್ಸಿನಲ್ಲಿ ಇದ್ದಾಗ ಅವನೂ ತಮ್ಮ ಥಿಯೋನೂ ಸೇರಿ ಜಪಾನಿನ ಮರದಚ್ಚಿನ ಚಿತ್ರಗಳನ್ನು ನೂರುಗಟ್ಟಲೆ ಕೂಡಿಟ್ಟರು. ಆಗ ಅವು ಅಗ್ಗವಾಗಿ ಸಿಗುತ್ತಿದ್ದವು. ಕೋಣೆಯ ಗೋಡೆಗೆ ಅಂಟಿಸಿದ. 1887ರಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಅವನ್ನು ಪ್ರದರ್ಶನಕ್ಕೂ ಇಟ್ಟ. ಅದೇ ವರ್ಷ ಹಿರೋಷಿಗೆ ಎಂಬ ಜಪಾನಿ ಕಲಾವಿದನ ಮಳೆಯ ಸೇತುವೆಯ ಚಿತ್ರವನ್ನು ತಾನೇ ಎಣ್ಣೆಬಣ್ಣದಲ್ಲಿ ನಕಲು ಮಾಡಿ ಕಲಿತ.

ಅದಕ್ಕೂ ಇನ್ನೂರು ವರ್ಷ ಹಿಂದೆ ರೆಂಬ್ರಾಂಟ್ ಇದನ್ನೇ ಮಾಡಿದ್ದ. ಅವನು ಆಮ್‌ಸ್ಟರ್‌ಡ್ಯಾಮ್ ಬಿಟ್ಟು ಭಾರತಕ್ಕೆ ಬಂದವನಲ್ಲ. ಆದರೆ ವ್ಯಾಪಾರದ ಹಡಗುಗಳಲ್ಲಿ ಹೋದ ಮೊಘಲ್ ಕಿರುಚಿತ್ರಗಳು ಅವನ ಕಣ್ಣಿಗೆ ಬಿದ್ದವು. ಜಹಾಂಗೀರ್, ಷಹಜಹಾನ್ ಮುಂತಾದವರ ಚಿತ್ರಗಳನ್ನು ಕೂತು ನಕಲು ಮಾಡಿಕೊಂಡ. ಅಂಥ ರೇಖಾಚಿತ್ರಗಳು ಇಪ್ಪತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ನಮ್ಮ ದೇಶದ ಹೆಸರು ಗೊತ್ತಿಲ್ಲದ ಚಿತ್ರಗಾರರು ಬರೆದದ್ದನ್ನು ಯುರೋಪಿನ ಅಷ್ಟು ದೊಡ್ಡ ಕಲಾವಿದ ಶಿಷ್ಯನಂತೆ ತಿದ್ದಿದ. ಒಂದು ಚಿತ್ರ ಒಂದು ಊರಿನ ಗೋಡೆಯಿಂದ ಇನ್ನೊಂದು ಊರಿನ ಕೈಗೆ ಹೋದಾಗ ಹೀಗೆ ಬೆಳೆಯುತ್ತದೆ.

ನಮ್ಮ ಹನ್ನೆರಡು ಚಿತ್ರಗಳಲ್ಲಿ ಒಂದು ಜಪಾನಿನದು, ಹೊಕುಸಾಯ್ ಬರೆದ ದೊಡ್ಡ ಅಲೆ. ಸುಮಾರು 1831ರದು. ಆಗ ಅವನಿಗೆ ಎಪ್ಪತ್ತರ ವಯಸ್ಸು. ಮೊದಲು ನೋಡಿದಾಗ ಕಾಣುವುದು ಅಲೆ. ಆಮೇಲೆ ದೂರದ ಸಣ್ಣ ಫ್ಯೂಜಿ ಪರ್ವತ. ಮೂರು ದೋಣಿಗಳಲ್ಲಿ ತಲೆ ತಗ್ಗಿಸಿ ಕೂತ ಮನುಷ್ಯರು ಕಾಣುವುದು ಕೊನೆಗೆ. ಅದರ ಗಾಢ ನೀಲಿ ಜಪಾನಿನದಲ್ಲ. ಬರ್ಲಿನ್ನಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ. ಹೊರದೇಶದವರಿಗೆ ಬಾಗಿಲು ಹಾಕಿಕೊಂಡಿದ್ದ ಜಪಾನಿಗೂ ಬಣ್ಣ ಹೇಗೋ ಒಳಗೆ ಬಂತು. 2024ರಲ್ಲಿ ಜಪಾನ್ ಹೊರತಂದ 1,000 ಯೆನ್ ನೋಟಿನ ಹಿಂಭಾಗದಲ್ಲಿ ಈಗ ಆ ಅಲೆ ಇದೆ.

ಸಂಗ್ರಹಕ್ಕೆ ಒಂದು ಶಿಸ್ತು ಬೇಕು. ಅದನ್ನು ನಾನು ಕಲಿತದ್ದು ಒಬ್ಬ ಬಾದಷಹನಿಂದ ಎಂದರೆ ಮಕ್ಕಳು ನಗಬಹುದು. 1621ರಲ್ಲಿ ಜಹಾಂಗೀರನ ಆಸ್ಥಾನಕ್ಕೆ ಇಥಿಯೋಪಿಯಾ ಕಡೆಯಿಂದ ಒಂದು ಝೀಬ್ರಾ ಬಂತು. ಅಂಥ ಪ್ರಾಣಿಯನ್ನು ಅಲ್ಲಿಯವರು ಕಂಡಿರಲಿಲ್ಲ. ಯಾರೋ ಬಣ್ಣದ ಪಟ್ಟೆ ಬಳಿದು ತಂದಿದ್ದಾರೆಂದು ಅನುಮಾನಪಟ್ಟು ಪರೀಕ್ಷೆ ಮಾಡಿದರು. ಪಟ್ಟೆ ಹುಟ್ಟಿನಿಂದಲೇ ಬಂದದ್ದು ಎಂದು ಖಾತ್ರಿಯಾಯಿತು. ಇದು ಜಹಾಂಗೀರನ ಆತ್ಮಚರಿತ್ರೆಯಲ್ಲಿದೆ. ಉಸ್ತಾದ್ ಮನ್ಸೂರ್ ಎಂಬ ಚಿತ್ರಗಾರ ಅದರ ಚಿತ್ರ ಬರೆದ. ಈಗ ಅದು ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಚಿತ್ರದ ಮೇಲೆ ಜಹಾಂಗೀರ್ ತನ್ನ ಕೈಯಾರೆ ಟಿಪ್ಪಣಿ ಬರೆದಿದ್ದಾನೆ: ಪ್ರಾಣಿ ಎಲ್ಲಿಂದ ಬಂತು, ಯಾರ ಜೊತೆ ಬಂತು, ಯಾವ ವರ್ಷ, ಚಿತ್ರ ಬರೆದವರು ಯಾರು. ನಾಲ್ಕು ನೂರು ವರ್ಷದ ಮೇಲೂ ನಮಗೆ ಮನ್ಸೂರನ ಹೆಸರು ಗೊತ್ತಿರುವುದು ಇಂಥ ಟಿಪ್ಪಣಿಗಳಿಂದ.

ನನ್ನ ಸಂಗ್ರಹದಲ್ಲೂ ಪ್ರತಿ ಚಿತ್ರಕ್ಕೆ ಐದು ಕಾಲಂ ಇಟ್ಟಿದ್ದೇನೆ. ಯಾರು ಮಾಡಿದ್ದು, ಯಾವಾಗ, ಎಲ್ಲಿ, ಯಾವ ಸಾಮಗ್ರಿಯಿಂದ, ಈಗ ಎಲ್ಲಿದೆ. ಗೊತ್ತಿಲ್ಲದ ಕಾಲಂ ಖಾಲಿ ಬಿಡುತ್ತೇನೆ, ಊಹೆ ತುಂಬುವುದಿಲ್ಲ. ಈಗ ಇದು ಇನ್ನಷ್ಟು ಮುಖ್ಯ. ನಾವು ಇಂಜಿನಿಯರುಗಳು ಕಟ್ಟಿದ ಯಂತ್ರಗಳು ಒಂದು ಸಾಲು ಬರೆದು ಕೊಟ್ಟರೆ ಕ್ಷಣದಲ್ಲಿ ಹಳೆಯ ಕಾಲದ್ದೆಂದು ತೋರುವ ಚಿತ್ರ ಮಾಡಿ ಕೊಡುತ್ತವೆ. ಗುಂಪಿಗೆ ಬಂದ ಚಿತ್ರ ಮನುಷ್ಯರ ಕೈಯದೋ, ಯಂತ್ರದ್ದೋ, ಯಾವ ಕಾಲದ್ದೋ ತಿಳಿಯಬೇಕಾದರೆ ಐದು ಕಾಲಂ ಕೇಳಲೇಬೇಕು. ಮಕ್ಕಳೇ, ಉತ್ತರ ಸಿಗದ ಚಿತ್ರವನ್ನು ಮುಂದಕ್ಕೆ ಕಳಿಸಬೇಡಿ.

ಕಾನೂನಿನ ಮಾತನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಅವರ ಕೃತಿಯ ಹಕ್ಕು ಅವರ ವಾರಸುದಾರರದು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನಮ್ಮ ನಾಡಿನ ದೊಡ್ಡ ಕಲಾವಿದರು. ಆದರೆ ಅವರು ತೀರಿಕೊಂಡದ್ದು 1996ರಲ್ಲಿ. ಅನುಮತಿ ಇಲ್ಲದೆ ಅವರ ಚಿತ್ರ ಮುದ್ರಿಸಿ ಗೋಡೆಗೆ ಹಾಕುವಂತಿಲ್ಲ. ಅದಕ್ಕೇ ಅವರು ಈ ಹನ್ನೆರಡರಲ್ಲಿ ಇಲ್ಲ.

ಸಂಗ್ರಹ ಎಂಬ ಮಾತಿಗೆ ಒಂದು ಕೆಟ್ಟ ಇತಿಹಾಸವೂ ಇದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಆಫ್ರಿಕಾದ ಬೆನಿನ್ ರಾಜ್ಯ ಈಗಿನ ನೈಜೀರಿಯಾದಲ್ಲಿತ್ತು. ಅಲ್ಲಿನ ಎರಕದ ಕೆಲಸಗಾರರು ಮಾಡಿದ ಹಿತ್ತಾಳೆ ಫಲಕಗಳು, ತಲೆಗಳು ಜಗತ್ತಿನ ಶ್ರೇಷ್ಠ ಲೋಹಶಿಲ್ಪಗಳ ಸಾಲಿನವು. 1897ರಲ್ಲಿ ಬ್ರಿಟಿಷ್ ಸೈನ್ಯ ಆ ಅರಮನೆಯನ್ನು ಸೂರೆ ಮಾಡಿ ಸಾವಿರಾರು ಕೃತಿಗಳನ್ನು ಹೊತ್ತೊಯ್ದಿತು. ಅವು ಯುರೋಪಿನ, ಅಮೆರಿಕದ ಮ್ಯೂಸಿಯಂಗಳಲ್ಲಿ ಹಂಚಿಹೋದವು. ತನ್ನ ಮ್ಯೂಸಿಯಂಗಳಲ್ಲಿದ್ದ ಇಂಥ ಕೃತಿಗಳ ಒಡೆತನವನ್ನು ನೈಜೀರಿಯಾಗೆ ಬಿಟ್ಟುಕೊಡಲು ಜರ್ಮನಿ 2022ರಲ್ಲಿ ಒಪ್ಪಂದ ಮಾಡಿಕೊಂಡಿತು. ಚಿತ್ರದ ಪ್ರತಿ ಹಂಚಿಕೊಂಡರೆ ಯಾರಿಗೂ ನಷ್ಟವಿಲ್ಲ. ಮೂಲವನ್ನೇ ಎತ್ತಿಕೊಂಡು ಹೋದರೆ ಒಂದು ಊರು ಬರಿದಾಗುತ್ತದೆ. ನಮ್ಮ ಹೊಲದ ಬದುವಿನಲ್ಲಿರುವ ವೀರಗಲ್ಲಿಗೂ ಇದೇ ಮಾತು. ಫೋಟೊ ತೆಗೆಯಿರಿ, ಐದು ಕಾಲಂ ಬರೆಯಿರಿ, ಕಲ್ಲನ್ನು ಅದರ ಜಾಗದಲ್ಲಿ ಬಿಡಿ. ಮನೆ ಕಟ್ಟುವಾಗ ಪಾಯಕ್ಕೆ ಹಾಕಬೇಡಿ, ಹೊರಗಿನವರು ಕೇಳಿದರೆ ಕೊಡಬೇಡಿ.

ದೂರದ ಮಾತು ಸಾಕು. ನಮ್ಮ ಸೀಮೆಗೇ ಬರೋಣ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಸಾವಿರಾರು ವರ್ಷ ಹಿಂದಿನವರು ಕಟ್ಟಿದ ಕಲ್ಲುಮನೆಯಂಥ ಗೋರಿಗಳಿವೆ. ಅದೇ ಗುಡ್ಡದ ಬಂಡೆಯಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳಿವೆ. 2021ರಲ್ಲಿ ಆ ತಾಣ ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿದೆ. ಹಂಪಿಯ ವಿರೂಪಾಕ್ಷ ಗುಡಿಗೆ ನಾವೆಲ್ಲ ಹೋಗಿದ್ದೇವೆ. ರಂಗಮಂಟಪದಲ್ಲಿ ತಲೆಯೆತ್ತಿ ಮೇಲಿನ ಛಾವಣಿ ನೋಡಿದವರು ಎಷ್ಟು ಜನ? ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಮತ್ಸ್ಯಯಂತ್ರಕ್ಕೆ ಗುರಿ ಹಿಡಿದ ಅರ್ಜುನ ಅಲ್ಲಿದ್ದಾರೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಹದ ಮಾಡಿ, ಬಣ್ಣ ಹಾಕುತ್ತಾರೆ. ನಮ್ಮ ಹನ್ನೆರಡರಲ್ಲಿ ಮೂರು ಈ ಮೂರು ಜಾಗದವು. ನಮ್ಮವರೇ ಹೋಗಿ ಕೇಳಿ, ಅನುಮತಿ ಪಡೆದು ತೆಗೆದ ಫೋಟೊಗಳು. ಬ್ರೂಗಲ್‌ನ ಪಕ್ಕದಲ್ಲೇ, ಅದೇ ಅಳತೆಯ ಚೌಕಟ್ಟಿನಲ್ಲಿ ಇವೂ ಇರುತ್ತವೆ.

ಒಂದು ಚೌಕಟ್ಟನ್ನು ಮಾತ್ರ ಖಾಲಿ ಬಿಟ್ಟಿದ್ದೇವೆ. ಹನ್ನೆರಡನೆಯದು. ಯಾಕೆಂದು ಹೇಳುತ್ತೇನೆ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿ ಇದೆ. ಗುಲಾಮರಾಗಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರೆ. ಹತ್ತಿ ಹೊಲದ ಕೂಲಿ, ಬಡತನ. ಚಳಿಗೆ ಹೊದೆಯಲು ಅಲ್ಲಿಯ ಹೆಂಗಸರು ಹರಿದ ಕೆಲಸದ ಬಟ್ಟೆಗಳನ್ನೇ ತುಂಡು ತುಂಡಾಗಿ ಜೋಡಿಸಿ ಹೊದಿಕೆ ಹೊಲಿಯುತ್ತಿದ್ದರು. ಅಂದರೆ ಕೌದಿ. 2002ರಲ್ಲಿ ಆ ಕೌದಿಗಳ ಪ್ರದರ್ಶನ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ನಡೆಯಿತು. ದೊಡ್ಡ ದೊಡ್ಡ ಕಲಾವಿಮರ್ಶಕರು ಕೊಂಡಾಡಿದರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರದ ಅಂಚೆಚೀಟಿಗಳನ್ನೇ ಹೊರತಂದಿತು. ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಒಂದು: ಪ್ರತಿ ಕೌದಿಯ ಪಕ್ಕದಲ್ಲಿ ಅದನ್ನು ಹೊಲಿದ ಹೆಂಗಸಿನ ಹೆಸರು ಇತ್ತು.

ನಮ್ಮ ಊರಿನಲ್ಲಿ ಕೌದಿ ಇಲ್ಲದ ಮನೆ ಇತ್ತೆ? ನಮ್ಮ ಅಜ್ಜಿಯ ಹಳೆಯ ಇಳಕಲ್ಲ ಸೀರೆ, ಮುತ್ಯಾನ ಧೋತರ, ನಮ್ಮ ಶಾಲೆಯ ಹರಿದ ನೀಲಿ ಚಡ್ಡಿ ಎಲ್ಲ ಒಂದೇ ಕೌದಿಯಲ್ಲಿ ಇದ್ದವು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕೌದಿ ಹೊಲಿದ ಅಜ್ಜಿಯರಲ್ಲಿ ಎಷ್ಟೋ ಜನ ಈಗ ಇಲ್ಲ. ಫ್ಯಾಕ್ಟರಿ ರಗ್ಗು ಬಂದ ಮೇಲೆ ಹಳೆಯ ಕೌದಿಗಳು ದನದ ಕೊಟ್ಟಿಗೆ ಸೇರಿದವು, ಟ್ರ್ಯಾಕ್ಟರಿನ ಸೀಟಿಗೆ ಹೋದವು. ಮನ್ಸೂರನ ಹೆಸರು ಉಳಿಸಲು ಒಬ್ಬ ಬಾದಷಹ ಇದ್ದ. ನಮ್ಮ ಅಜ್ಜಿಯರ ಹೆಸರು ಬರೆದಿಡುವವರು ಯಾರು?

ಅದು ನಿಮ್ಮ ಕೆಲಸ ಮಕ್ಕಳೇ. ಈ ವರ್ಷ ಎಂಟು, ಒಂಬತ್ತು, ಹತ್ತನೆಯ ತರಗತಿಯವರು ಮನೆಮನೆಗೆ ಹೋಗಿ ಕೌದಿ, ರಂಗೋಲಿ, ಗೋಡೆಯ ಚಿತ್ರ, ಬುಟ್ಟಿ, ಗೊಂಬೆ ಏನೇ ಕೈಕೆಲಸ ಇದ್ದರೂ ಫೋಟೊ ತೆಗೆದು ಐದು ಕಾಲಂ ತುಂಬಿ ತರಬೇಕು. 'ಯಾರು ಮಾಡಿದ್ದು' ಎಂಬ ಕಾಲಂನಲ್ಲಿ 'ನಮ್ಮ ಅಜ್ಜಿ' ಎಂದು ಬರೆದರೆ ನಡೆಯುವುದಿಲ್ಲ. ಅಜ್ಜಿಯ ಹೆಸರು, ತವರೂರು ಬೇಕು. ಕೇಳಿದರೆ ಹೇಳುತ್ತಾರೆ. ಇಷ್ಟು ವರ್ಷ ಯಾರೂ ಕೇಳಿಲ್ಲ, ಅಷ್ಟೆ. ಬಂದದ್ದರಲ್ಲಿ ಒಂದನ್ನು ಮಕ್ಕಳೇ ಆರಿಸಿ ಹನ್ನೆರಡನೆಯ ಚೌಕಟ್ಟಿಗೆ ಹಾಕುತ್ತಾರೆ. ಪ್ರತಿ ವರ್ಷ ಅದು ಬದಲಾಗುತ್ತದೆ. ಉಳಿದ ಎಲ್ಲವೂ ಶಾಲೆಯ ಕಂಪ್ಯೂಟರಿನಲ್ಲಿ ಇರುತ್ತವೆ. ಅದಕ್ಕೆ ಬೇಕಾದ ಸಣ್ಣ ಸಾಫ್ಟ್‌ವೇರನ್ನು ನಾನೇ ಬರೆದು ಕೊಟ್ಟಿದ್ದೇನೆ. ಕನ್ನಡದಲ್ಲೇ ತುಂಬಬಹುದು, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಗುರುಗಳಲ್ಲಿ ಒಂದು ಅರಿಕೆ. ನಾವು ಓದುವಾಗ ಚಿತ್ರಕಲೆಯ ಪಿರಿಯಡ್ ವೇಳಾಪಟ್ಟಿಯಲ್ಲಿ ಇತ್ತು, ಅದನ್ನು ಗಣಿತಕ್ಕೆ ಬಳಸುತ್ತಿದ್ದರು. ಪರೀಕ್ಷೆಯ ಒತ್ತಡ ನನಗೆ ಗೊತ್ತು, ಆ ಗಣಿತದಿಂದಲೇ ನಾನು ಬಿಇ ಸೇರಿದೆ. ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ ಇದೆ ಎಂಬುದೂ ತಿಳಿದಿದೆ. ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಇಲಾಖೆಗೆ ಮನವಿ ಕೊಡುತ್ತಿದ್ದೇವೆ, ಊರಿನವರೂ ಸಹಿ ಹಾಕಬೇಕು. ಹುದ್ದೆ ತುಂಬುವವರೆಗೆ ತಿಂಗಳಿಗೆ ಒಂದು ಚಿತ್ರ, ವಾರಕ್ಕೆ ಹತ್ತು ನಿಮಿಷ ಕೊಡಿ. ಮೊದಲ ಐದು ನಿಮಿಷ ಯಾರೂ ಮಾತಾಡದೆ ನೋಡುವುದು. ಮುಂದಿನ ಐದು ನಿಮಿಷ "ಏನು ಕಂಡಿತು?" ಎಂದು ಕೇಳುವುದು. ಸರಿ ತಪ್ಪು ಹೇಳಬೇಡಿ, ಅಂಕ ಕೊಡಬೇಡಿ. ಇದಕ್ಕೆ ಕಲೆಯ ಡಿಪ್ಲೊಮಾ ಬೇಕಿಲ್ಲ.

ಊರಿನವರಲ್ಲೂ ಒಂದು ಅರಿಕೆ. ಚಿತ್ರಗಳನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹಾಕಿಲ್ಲ, ವರಾಂಡದಲ್ಲಿ ಹಾಕಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಗೇಟ್ ತೆರೆದಿರುತ್ತದೆ, ಎಸ್‌ಡಿಎಂಸಿಯವರು ಒಪ್ಪಿದ್ದಾರೆ. ಬನ್ನಿ. ಕೊಯ್ಲು ಮಾಡಿದವರು, ಗಾರೆ ಕೆಲಸದವರು, ಹಾಲು ಕಾಸಿದವರು ಬಂದು ಮಕ್ಕಳ ಜೊತೆ ನಿಂತು ನೋಡಿ. ನಿಮಗೆ ಕಂಡದ್ದನ್ನು ಅವರಿಗೆ ಹೇಳಿ.

ಮೊದಲ ತಿಂಗಳ ಚಿತ್ರ ಬ್ರೂಗಲ್‌ನ ಕೊಯ್ಲು. ನಮ್ಮಲ್ಲೂ ಈಗ ಸುಗ್ಗಿ ಬಂದಿದೆ, ಹೊಂದಿಕೆಯಾಗುತ್ತದೆ. ಊಟದ ವಿರಾಮದಲ್ಲಿ ಮುಖ್ಯೋಪಾಧ್ಯಾಯರು ಪರದೆ ಸರಿಸುತ್ತಾರೆ. ಎಲ್ಲರೂ ವರಾಂಡಕ್ಕೆ ಬರಬೇಕೆಂದು ಬ್ಯಾಚಿನ ಪರವಾಗಿ ಕೇಳಿಕೊಳ್ಳುತ್ತೇನೆ.